ಪೇಟೆಯ ಬಾಣ, ಪರದೇಶದ ಮನೆ

ಮೈಸೂರು ಬ್ಯಾಂಕ್ ವೃತ್ತದಿಂದ ತೆಂಕಣ ದಿಕ್ಕಿಗೆ ಹೊರಟು, ಹಳೆಯ ಪಠ್ಯಪುಸ್ತಕಗಳ ರಾಶಿಗಳನ್ನೂ ರೈಸ್ ಸ್ಮಾರಕ ಚರ್ಚನ್ನೂ ಮದುವೆಯ ಜವಳಿಯ ಅಂಗಡಿಗಳನ್ನೂ ದಾಟಿ, ಮೂಟೆ ಹೊತ್ತ ಹಮಾಲಿಗಳಿಗೂ ಕೈಗಾಡಿಗಳಿಗೂ ದಾರಿ ಬಿಟ್ಟುಕೊಡುತ್ತ ಸಿಟಿ ಮಾರ್ಕೆಟ್ಟಿನ ಕಡೆಗೆ ನಡೆಯುವವರಿಗೆ, ದೊಡ್ಡಪೇಟೆಯೆಂಬ ಪೂರ್ವನಾಮವುಳ್ಳ ಈ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿಯೇ ಒಂದಾನೊಂದು ಕಾಲದ ಆಯುಧಶಾಲೆಯ ನೆನಪು ಒಂದು ಕೇರಿಯ ಹೆಸರಿನಲ್ಲಿ ಉಳಿದುಕೊಂಡಿದೆಯೆಂಬ ಸಂಗತಿ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆ ಕೇರಿ ತಾರಾಮಂಡಲಪೇಟೆ. ಹೈದರಾಲಿ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಅದಕ್ಕೆ ಬಿಗಿದು, ಶತ್ರುವಿನ ದಂಡಿನ ಮೇಲೆ ಹಾರಿಬಿಡುತ್ತಿದ್ದ ಬಾಣಗಳನ್ನು ಅಲ್ಲಿ ತಯಾರಿಸುತ್ತಿದ್ದರೆಂಬುದು ಈ ಊರಿನ ಚರಿತ್ರೆಯನ್ನು ಬರೆದವರ ಮಾತು. 1780ರಲ್ಲಿ ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಕಂಗೆಡಿಸಿದ ಆ ಬಾಣಗಳ ವಿಷಯದಲ್ಲಿ ನಮಗೆ ಹೆಮ್ಮೆಯುಂಟು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಅಂತಹ ಸಾವಿರದಷ್ಟು ಕೊಳವೆಗಳು ದೊರೆತಾಗ ಪತ್ರಿಕೆಗಳು ಅದನ್ನು ಸಂಭ್ರಮದಿಂದಲೇ ಪ್ರಕಟಿಸಿದವು.

ಆ ಕಥೆಯ ಉತ್ತರಾರ್ಧವನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಬಾಣಗಳಲ್ಲಿ ಕೆಲವು ಇಂಗ್ಲೆಂಡಿನ ವುಲಿಚ್ಚಿನ ಆಯುಧಾಗಾರವನ್ನು ಸೇರಿದುವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ಅದೇ ತತ್ತ್ವವನ್ನು ಹಿಡಿದು, ಹೆಚ್ಚು ಭಾರದ, ಹೆಚ್ಚು ದೂರ ಹೋಗುವ, ಬಿದ್ದಲ್ಲಿ ಬೆಂಕಿ ಹೊತ್ತಿಸುವ ಬಾಣಗಳನ್ನು ನಿರ್ಮಿಸಿದನು. 1807ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಯಾರ ಪಕ್ಷವನ್ನೂ ವಹಿಸದೆ ತಟಸ್ಥವಾಗಿದ್ದ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನ ಮೇಲೆ ಬ್ರಿಟಿಷರು ಫಿರಂಗಿಯ ಗುಂಡುಗಳೊಡನೆ ಈ ಬಾಣಗಳನ್ನೂ ಮೂರು ರಾತ್ರಿ ಸುರಿದರು. ಊರಿನ ಮನೆಗಳನ್ನು ಸುಟ್ಟು, ಒಳಗಿದ್ದ ಹೆಂಗಸರು ಮಕ್ಕಳನ್ನು ನಡುಗಿಸಿ, ಆ ನಡುಕದ ಮೂಲಕ ಅಲ್ಲಿನ ಸರ್ಕಾರ ತನ್ನ ನೌಕಾಪಡೆಯನ್ನು ಒಪ್ಪಿಸುವಂತೆ ಮಾಡುವುದೇ ಅವರ ಉದ್ದೇಶವಾಗಿದ್ದಿತು, ಉದ್ದೇಶ ಈಡೇರಿತು. ನಗರದ ಮಹಾದೇವಾಲಯದ ಗೋಪುರ ಉರಿದು ಕುಸಿಯಿತು. ತಾರಾಮಂಡಲಪೇಟೆಯ ಕಮ್ಮಾರನಿಗೆ ಡೆನ್ಮಾರ್ಕೆಂಬ ದೇಶವೊಂದುಂಟೆಂಬುದಾದರೂ ತಿಳಿದಿದ್ದೀತೆ? ಅವನನ್ನು ಹೊಣೆಗಾರನನ್ನಾಗಿ ಮಾಡುವುದು ಅನ್ಯಾಯ. ಅವನ ಬಾಣ ಯುದ್ಧದಲ್ಲಿ ಗೆದ್ದವರ ಕೈ ಸೇರಿತೇ ಹೊರತು ಅವನಾಗಲಿ ಅವನ ದೊರೆಯಾಗಲಿ ಅದನ್ನು ಮಾರಲಿಲ್ಲ. ಇಂದು ಇದೇ ಬೆಂಗಳೂರಿನಲ್ಲಿ ತಯಾರಾದ ಯುದ್ಧಸಾಮಗ್ರಿ ಹೊರದೇಶಕ್ಕೆ ಹೋಗುವುದು ಆ ರೀತಿಯಿಂದಲ್ಲ. ಅದು ಬಿಲ್ಲು ಬರೆದು, ಪರವಾನಗಿ ಪಡೆದು, ಸರ್ಕಾರದ ಮೊಹರಿನೊಡನೆ ಹೋಗುತ್ತದೆ.

ಆ ಮೊಹರನ್ನು ಒತ್ತುವವರನ್ನು ಪ್ರಶ್ನಿಸುವ ಅಧಿಕಾರವುಳ್ಳವರು ನಮ್ಮ ಸಂಸದರು. ಪರದೇಶದ ನಿರಾಯುಧ ಜನರ ಮೇಲೆ ಪ್ರಯೋಗವಾಗುವ ಆಯುಧಗಳಿಗೆ ನಮ್ಮ ಬೊಕ್ಕಸದ ಹಣವಾಗಲಿ, ನಮ್ಮ ಸರ್ಕಾರಿ ಕಾರ್ಖಾನೆಗಳ ದುಡಿಮೆಯಾಗಲಿ ಇನ್ನು ಸಲ್ಲತಕ್ಕದ್ದಲ್ಲವೆಂದು ಅವರು ಶಾಸನಮುಖೇನ ವಿಧಿಸಬೇಕೆಂಬುದು ಈ ಲೇಖನದ ಬಿನ್ನಹ.

ಇದು ಪೇಟೆಯವರಿಗೆ ಸಂಬಂಧವಿಲ್ಲದ ವಿಷಯವೆಂದು ಹೇಳುವವರು 1791ರ ಮಾರ್ಚ್ 7ನ್ನು ಒಂದಿಷ್ಟು ನೆನೆಯಬೇಕು. ಅಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಈ ಪೇಟೆಗೆ ನುಗ್ಗಿತು. ಎರಡು ವಾರಗಳ ತರುವಾಯ ಕೋಟೆಯೂ ಬಿದ್ದಿತು. ಬಹುಪಾಲು ನಿವಾಸಿಗಳು ಮುಂಚೆಯೇ ಊರು ಬಿಟ್ಟಿದ್ದರು. ನೇಕಾರರ, ಶೆಟ್ಟರ, ಬಡಪಾಯಿಗಳ ಮನೆಗಳೂ ಅವುಗಳಲ್ಲಿದ್ದ ಧಾನ್ಯ ಜವಳಿಗಳೂ ಕೊಳ್ಳೆಯಾದುವು. ಲಂಡನ್ನಿನ ದೃಷ್ಟಿಯಿಂದ ನೋಡಿದರೆ ಅಂದಿನ ದೊಡ್ಡಪೇಟೆಯವರೇ ಆ ದೂರದೇಶದ ಸಾಮಾನ್ಯ ಜನರು. ವಿಶೇಷವೆಂದರೆ, ಅದೇ ವರ್ಷದ ಆರಂಭದಲ್ಲಿ ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಹಿಪ್ಪಿಸ್ಲಿ, ಫಿಲಿಪ್ ಫ್ರಾನ್ಸಿಸ್ ಮೊದಲಾದ ಸದಸ್ಯರು ಎದ್ದು ನಿಂತು, ಟಿಪ್ಪುವಿನ ಮೇಲೆ ಈ ಯುದ್ಧವೇಕೆ, ಇದು ನ್ಯಾಯವೇ ಎಂದು ಪ್ರಶ್ನಿಸಿದ್ದರು. ಸಭೆ ಅವರ ಮಾತಿಗೆ ಮಣಿಯಲಿಲ್ಲ, ಯುದ್ಧ ನಿಲ್ಲಲಿಲ್ಲ. ಸಾಮ್ರಾಜ್ಯವನ್ನು ಕಟ್ಟಲು ಹೊರಟಿದ್ದ ಒಂದು ಸಂಸತ್ತಿನಲ್ಲಿಯೂ ಆ ಪ್ರಶ್ನೆ ಬಾಯಿಬಿಟ್ಟು ಹೊರಬಂದಿತು, ಮತಕ್ಕೂ ಬಂದಿತು, ದಾಖಲೆಯಲ್ಲಿಯೂ ಉಳಿಯಿತು. ಆ ಅರಸೊತ್ತಿಗೆಯನ್ನು ಕಳಚಿಕೊಂಡು ಗಣರಾಜ್ಯವಾದ ನಮ್ಮ ಸಂಸತ್ತಿನಲ್ಲಿ ಇಂತಹ ಪ್ರಶ್ನೆಗೆ ಸಿಗುವ ಉತ್ತರವೇನು?

ಆಯುಧಗಳ ರಫ್ತಿನ ಒಟ್ಟು ಮೊತ್ತವನ್ನು ಸರ್ಕಾರ ಮರೆಮಾಚುವುದಿಲ್ಲ; ಬದಲಿಗೆ ಡಂಗುರ ಸಾರುತ್ತದೆ. 2013–14ರಲ್ಲಿ 686 ಕೋಟಿ ರೂಪಾಯಿಯಷ್ಟಿದ್ದ ಈ ವ್ಯಾಪಾರ 2023–24ರಲ್ಲಿ 21,083 ಕೋಟಿಗೆ, 2024–25ರಲ್ಲಿ 23,622 ಕೋಟಿಗೆ ಏರಿತು. 2029ರ ವೇಳೆಗೆ 50,000 ಕೋಟಿಯನ್ನು ಮುಟ್ಟಬೇಕೆಂಬುದು ಗುರಿ. 2024–25ರ ಲೆಕ್ಕದಲ್ಲಿ 8,389 ಕೋಟಿ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ಪಾಲು. ಕೊಂಡವರು ಸುಮಾರು 80 ದೇಶಗಳವರೆಂದೂ ಹೇಳುತ್ತಾರೆ. ಯಾವ ದೇಶ ಯಾವ ಪದಾರ್ಥವನ್ನು ಎಷ್ಟು ಕೊಂಡಿತೆಂದು ಸಂಸತ್ತಿನಲ್ಲಿ ಕೇಳಿದರೆ ಮಾತ್ರ, ರಾಷ್ಟ್ರಹಿತದ ಸೂಕ್ಷ್ಮತೆಯ ಕಾರಣ ಹೇಳಲಾಗದೆಂಬ ಸಿದ್ಧ ಉತ್ತರ. ಅವೆನ್ಯೂ ರಸ್ತೆಯ ಜವಳಿ ವ್ಯಾಪಾರಿ ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕನ್ನು ಲಾರಿಗೆ ಹೇರಬೇಕಾದರೆ ಕೊಳ್ಳುವವನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ವಾಹನದ ನಂಬರು ಎಲ್ಲವನ್ನೂ ಇ-ವೇ ಬಿಲ್ಲಿನಲ್ಲಿ ನಮೂದಿಸಲೇಬೇಕು, ತಪ್ಪಿದರೆ ದಂಡ. ಸೀರೆಗೆ ಇರುವ ಲೆಕ್ಕ ಸಿಡಿಗುಂಡಿಗೆ ಇಲ್ಲವೆಂದರೆ, ಆ ವ್ಯಾಪಾರಿಯೂ ಈ ಪೇಟೆಯ ಮತದಾರನಾದುದರಿಂದ, ಕಾರಣ ಕೇಳುವ ಹಕ್ಕು ಅವನಿಗುಂಟು.

ನಮ್ಮೂರಿಗೂ ಈ ವ್ಯಾಪಾರಕ್ಕೂ ಇರುವ ನಂಟು ಸಣ್ಣದಲ್ಲ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ದಳದ ಮೆಕ್ಲಿಂಟಾಕ್ ಎಂಬ ಅಧಿಕಾರಿ ಮುಳ್ಳುತಂತಿಯ ಬೇಲಿಯನ್ನು ಸಿಡಿಸಿ ದಾರಿ ಮಾಡುವ ಕೊಳವೆಯೊಂದನ್ನು ರೂಪಿಸಿದುದರಿಂದ, ಜಗತ್ತಿನ ಸೇನೆಗಳ ಕೈಪಿಡಿಗಳಲ್ಲಿ ‘ಬೆಂಗಳೂರು ಟಾರ್ಪಿಡೊ’ ಎಂಬ ಹೆಸರು ಇಂದಿಗೂ ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಮೈಸೂರು ಸಂಸ್ಥಾನ ತನ್ನ ಬಂಡವಾಳವನ್ನೂ ಭೂಮಿಯನ್ನೂ ಸೇರಿಸಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿತು. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಎಂದರೆ ಬಿಇಎಲ್, ಹುಟ್ಟಿತು. ಈ ಕಾರ್ಖಾನೆಗಳು ಸಾವಿರಾರು ಕುಟುಂಬಗಳಿಗೆ ಅನ್ನವನ್ನೂ, ಅವುಗಳ ಬಡಾವಣೆಗಳು ಕನ್ನಡಕ್ಕೆ ಸಂಘಗಳನ್ನೂ ರಾಜ್ಯೋತ್ಸವಗಳನ್ನೂ ನಾಟಕಗಳನ್ನೂ ಕೊಟ್ಟಿವೆ. ದೇಶದ ಗಡಿಯನ್ನು ಕಾಯುವವನ ಕೈಗೆ ಒಳ್ಳೆಯ ಸಲಕರಣೆ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಪ್ರದರ್ಶನವನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವ ತಂದೆಯರನ್ನು ಕಂಡು ನಗುವವನೂ ನಾನಲ್ಲ. ಆದರೂ ಒಂದು ಮಾತನ್ನು ಹೇಳದಿರಲಾರೆ. ಆ ಪ್ರದರ್ಶನದ ದಿನಗಳಲ್ಲಿ, ಹದ್ದುಗಳು ಆಕರ್ಷಿತವಾಗಿ ವಿಮಾನಗಳಿಗೆ ಬಡಿದಾವೆಂಬ ಭಯದಿಂದ, ಸುತ್ತಲಿನ ಹಲವು ಕಿಲೋಮೀಟರುಗಳವರೆಗೆ — 2025ರಲ್ಲಿ ಅದು 13 ಕಿಲೋಮೀಟರು — ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ. ಕುರಿಯ ಮಾಂಸ ಮಾರುವವನು ಬಾಗಿಲು ಹಾಕಿಕೊಂಡ ಊರಿನಲ್ಲಿ ನರಸಂಹಾರದ ಯಂತ್ರಗಳನ್ನು ಮಾರುವವರಿಗೆ ಪಂಚತಾರಾ ಹೋಟೆಲುಗಳಲ್ಲಿ ಸತ್ಕಾರ ನಡೆಯುತ್ತದೆ. ಪರಿಹಾಸ್ಯಕ್ಕೆ ಇದಕ್ಕಿಂತ ಹೆಚ್ಚಿನ ವಸ್ತು ಬೇಕೆ?

ಈಗ ಬರ್ಮಾದ, ಎಂದರೆ ಇಂದಿನ ಮ್ಯಾನ್ಮಾರಿನ, ವಿಷಯಕ್ಕೆ ಬರುತ್ತೇನೆ. ನಮಗೆ ಅತ್ಯಂತ ಸಮೀಪದ ಪ್ರಕರಣ ಅದೇ. 2020ರ ನವೆಂಬರಿನಲ್ಲಿ ಆ ದೇಶದ ಜನ ಮತ ಚಲಾಯಿಸಿ ತಮಗೆ ಬೇಕಾದವರನ್ನು ಆರಿಸಿದರು. 2021ರ ಫೆಬ್ರವರಿ 1ರಂದು ಅಲ್ಲಿನ ಸೇನೆ ಆ ಮತವನ್ನು ತುಳಿದು ಅಧಿಕಾರವನ್ನು ಕಸಿದುಕೊಂಡಿತು. ತರುವಾಯದ ವರ್ಷಗಳಲ್ಲಿ ತನ್ನ ಪ್ರಜೆಗಳ ಗ್ರಾಮಗಳ ಮೇಲೆಯೇ ಆ ಸೇನೆ ವಿಮಾನಗಳಿಂದ ಬಾಂಬು ಹಾಕಿತು. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತದ ಪಾಝಿಗಿ ಎಂಬ ಹಳ್ಳಿಯಲ್ಲಿ ಒಂದು ಸಮಾರಂಭಕ್ಕೆ ನೆರೆದಿದ್ದವರ ಮೇಲೆ ನಡೆದ ಅಂತಹ ದಾಳಿಯಲ್ಲಿ ನೂರೈವತ್ತಕ್ಕೂ ಮೇಲ್ಪಟ್ಟು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅದರ ಮರುತಿಂಗಳೇ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿಯನ್ನು ಪ್ರಕಟಿಸಿ, ದಂಗೆಯ ನಂತರ ಆ ಸೇನೆಗೆ ತಲಪಿದ ಸುಮಾರು 100 ಕೋಟಿ ಡಾಲರುಗಳ ಆಯುಧ ಮತ್ತು ಸಂಬಂಧಿತ ಸಾಮಗ್ರಿಯ ಮೂಲಗಳನ್ನು ದೇಶವಾರು ವಿಂಗಡಿಸಿದರು. ರಷ್ಯಾದ್ದು 40.6 ಕೋಟಿ, ಚೀನಾದ್ದು 26.7 ಕೋಟಿ, ಸಿಂಗಾಪುರದಿಂದ ವ್ಯವಹರಿಸಿದವರದು 25.4 ಕೋಟಿ, ಭಾರತದ್ದು 5.1 ಕೋಟಿ ಡಾಲರು. ಭಾರತದ ಸರಬರಾಜುದಾರರ ಪೈಕಿ ನಮ್ಮ ಬಿಇಎಲ್ ಸಂಸ್ಥೆಯ ಹೆಸರೂ ಇದ್ದಿತು.

ಉಳಿದವರಿಗೆ ಹೋಲಿಸಿದರೆ ನಮ್ಮ ಪಾಲು ಅಲ್ಪವೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು, ಬಿಇಎಲ್ ಇನ್ನೊಂದು ವಸ್ತುವನ್ನು ತಯಾರಿಸದಿದ್ದ ಪಕ್ಷದಲ್ಲಿ. ಭಾರತದ ಮತಯಂತ್ರಗಳನ್ನು ನಿರ್ಮಿಸುವ ಎರಡೇ ಸಂಸ್ಥೆಗಳಲ್ಲಿ ಬಿಇಎಲ್ ಒಂದು. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಬೆಳಗಿನ ಬಿಸಿಲಿಗೆ ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಾಕಿಸಿಕೊಂಡು ನಾವು ಒತ್ತುವ ಗುಂಡಿ ಆ ಸಂಸ್ಥೆಯ ಕಾರ್ಯಕುಶಲತೆಯ ಫಲ. ಆ ಗುಂಡಿಯಿಂದ ಆರಿಸಿ ಬಂದವರೇ ನಮ್ಮ ಸಂಸದರು. ಒಂದು ದೇಶದ ಜನರ ಮತವನ್ನು ಕಾಪಾಡುವ ಸಂಸ್ಥೆಯೇ, ನೆರೆದೇಶದ ಜನರ ಮತವನ್ನು ಅಳಿಸಿದ ಸೇನೆಗೆ ಸಲಕರಣೆ ಕೊಟ್ಟಿದೆಯೆಂಬ ಆರೋಪ ಜಗತ್ತಿನ ಮುಂದೆ ಬಂದಾಗ, ಆ ಗುಂಡಿಯಿಂದ ಗೆದ್ದವರಿಗೆ ಅದು ತಮ್ಮ ಮನೆಯ ಮಾತೆಂದು ತೋರಬೇಕಾಗಿತ್ತು. ನಾರ್ವೆ ದೇಶದ ಸರ್ಕಾರಿ ಪಿಂಚಣಿ ನಿಧಿಗೆ ತೋರಿತು: ಮ್ಯಾನ್ಮಾರಿಗೆ ಆಯುಧ ಮಾರುವ ಅಪಾಯವನ್ನು ಕಾರಣವಾಗಿ ಕೊಟ್ಟು ಅದು ಬಿಇಎಲ್ ಷೇರುಗಳನ್ನು ತನ್ನ ಹೂಡಿಕೆಯಿಂದ ಹೊರಗಿಟ್ಟಿತು. ಓಸ್ಲೋದಲ್ಲಿ ಕುಳಿತ ನಿವೃತ್ತಿವೇತನದ ಲೆಕ್ಕಿಗರಿಗೆ ಹತ್ತಿದ ಸಂಕೋಚ, ಆ ಸಂಸ್ಥೆಯಲ್ಲಿ ಅರ್ಧಕ್ಕಿಂತ ಮಿಗಿಲಾದ ಪಾಲಿನ ಒಡೆಯರಾದ ನಮ್ಮ ಪ್ರತಿನಿಧಿಗಳಿಗೆ ಹತ್ತದಿರುವುದು ಹೇಗೆ? ಪಾಝಿಗಿಯ ಮೇಲೆ ಬಂದ ವಿಮಾನದಲ್ಲಿ ನಮ್ಮೂರಿನ ಭಾಗವೊಂದು ಇದ್ದಿತೆಂದು ನಾನು ಹೇಳುತ್ತಿಲ್ಲ. ಇರಲಿಲ್ಲವೆಂದು ಎದೆತಟ್ಟಿ ಹೇಳಲು ಬೇಕಾದ ಕಾಗದವನ್ನು ಯಾರೂ ನಮ್ಮ ಮುಂದೆ ಇಟ್ಟಿಲ್ಲ, ಅಷ್ಟೆ. 2021ರ ಜೂನಿನಲ್ಲಿ, ಮ್ಯಾನ್ಮಾರಿಗೆ ಆಯುಧ ಹರಿಯದಂತೆ ತಡೆಯಬೇಕೆಂಬ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 119 ದೇಶಗಳು ಒಪ್ಪಿಗೆಯಿತ್ತಾಗ ಭಾರತ ಮತ ಚಲಾಯಿಸದೆ ಕುಳಿತದ್ದು ಮಾತ್ರ ದಾಖಲೆಯಲ್ಲಿದೆ.

ಇಲ್ಲಿ ಒಬ್ಬ ಕನ್ನಡನಾಡಿನವರನ್ನು ಸ್ಮರಿಸದೆ ಮುಂದೆ ಹೋಗಲಾರೆ. ಮಂಗಳೂರಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಬಂದು, ಅದನ್ನು ತೊರೆದು ಮುಂಬಯಿಯ ಕಾರ್ಮಿಕರ ನಾಯಕರಾದ ಜಾರ್ಜ್ ಫರ್ನಾಂಡಿಸ್, 1998ರಲ್ಲಿ ದೇಶದ ರಕ್ಷಣಾ ಮಂತ್ರಿಗಳಾದರು. ಅದಕ್ಕೆ ಮೊದಲೂ ಅನಂತರವೂ ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಬಂಗಲೆಯ ಆವರಣದಲ್ಲಿ, ಸೈನಿಕ ಆಡಳಿತದಿಂದ ತಪ್ಪಿಸಿಕೊಂಡು ಬಂದ ಬರ್ಮೀಯ ವಿದ್ಯಾರ್ಥಿಗಳಿಗೆ ಅವರು ಆಶ್ರಯ ಕೊಟ್ಟಿದ್ದರು. ಅವರ ರಾಜಕೀಯದ ಅನೇಕ ತಿರುವುಗಳನ್ನು ನಾನು ಒಪ್ಪಲಾರೆ. ಪೋಖ್ರಾನಿನ ಪರೀಕ್ಷೆಗಳು ನಡೆದದ್ದೂ ಅವರ ಕಾಲದಲ್ಲಿಯೇ. ಆದರೂ, ದೇಶದ ಸೇನೆಗಳ ಹೊಣೆಯನ್ನು ಹೊತ್ತ ಮಂತ್ರಿಯ ಮನೆಯ ಅಂಗಳದಲ್ಲಿ ನೆರೆದೇಶದ ಸೇನೆಯಿಂದ ಪೀಡಿತರಾದವರು ಚಾಪೆ ಹಾಸಿ ಮಲಗಿದ್ದರೆಂಬುದು, ರಕ್ಷಣೆಯ ಚಿಂತೆಗೂ ಕರುಣೆಗೂ ಒಂದೇ ಸೂರು ಸಾಲದೆಂಬ ವಾದಕ್ಕೆ ಸಾಕಷ್ಟು ಉತ್ತರ.

ಇನ್ನು ಪಶ್ಚಿಮಕ್ಕೆ ತಿರುಗೋಣ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಸಂಸ್ಥಾನದ ಕುದುರೆ ದಳ ಜೋಧಪುರದವರೊಡಗೂಡಿ ಪ್ಯಾಲೆಸ್ಟೀನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಟ್ಟಿತು. ಆ ದಳವನ್ನು ಸಾಕಿದ್ದು ಮೈಸೂರಿನ ಬೊಕ್ಕಸ. 1881ರಿಂದ ಪ್ರಜಾಪ್ರತಿನಿಧಿ ಸಭೆಯೇನೋ ಇದ್ದಿತು. ಆದರೆ ಸಾಮ್ರಾಜ್ಯದ ಸೇವೆಗೆಂದು ಸಾಕಿದ ಸೇನೆಯ ವೆಚ್ಚವನ್ನು ತಡೆಹಿಡಿಯುವ ಅಧಿಕಾರ ಅದಕ್ಕಿರಲಿಲ್ಲ. ನೂರು ವರ್ಷಕ್ಕೂ ಮಿಕ್ಕ ಕಾಲದ ತರುವಾಯ, 2024ರ ಮೇ ತಿಂಗಳಿನಲ್ಲಿ, ಅದೇ ಹೈಫಾಕ್ಕೆ ಹೊರಟಿದ್ದ ಹಡಗೊಂದು ಸ್ಪೇನಿನ ಬಂದರಿನಲ್ಲಿ ತಂಗಲು ಅನುಮತಿ ಬೇಡಿತು. ಸ್ಪೇನಿನ ಸರ್ಕಾರ ನಿರಾಕರಿಸಿತು; ಅದು ಹೊತ್ತಿದ್ದುದು 27 ಟನ್ನುಗಳಷ್ಟು ಸ್ಫೋಟಕ ಸಾಮಗ್ರಿಯೆಂದೂ, ಹೇರಿದ್ದು ನಮ್ಮ ಪಕ್ಕದ ಚೆನ್ನೈಯಲ್ಲೆಂದೂ ವರದಿಗಳು ತಿಳಿಸಿದವು. ಹೈದರಾಬಾದಿನ ಅದಾನಿ–ಎಲ್ಬಿಟ್ ಕಾರ್ಖಾನೆಯಿಂದ ಹರ್ಮಿಸ್ ಡ್ರೋನುಗಳು ಇಸ್ರೇಲಿಗೆ ಹೋದುವೆಂಬ ಸುದ್ದಿ ಅದಕ್ಕೂ ಕೆಲವು ತಿಂಗಳು ಮೊದಲೇ ಪ್ರಕಟವಾಗಿದ್ದಿತು. 2023ರ ಅಕ್ಟೋಬರ್ 7ರಂದು ಹಮಾಸಿನವರು ನಡೆಸಿದ ಕೊಲೆಗಳು ಘೋರ. ಅದರಲ್ಲಿ ಎರಡು ಮಾತಿಲ್ಲ. ಅದರ ಪ್ರತೀಕಾರವಾಗಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ 60,000ವನ್ನು ಮೀರಿತು. ಹೆಂಗಸರೂ ಮಕ್ಕಳೂ ಅದರಲ್ಲಿ ದೊಡ್ಡ ಭಾಗ. ಆಯುಧವನ್ನು ಕೊಡುವ ರಾಷ್ಟ್ರಗಳಿಗೂ ಅಂತರರಾಷ್ಟ್ರೀಯ ಕಟ್ಟುಪಾಡುಗಳುಂಟೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಏಪ್ರಿಲ್ 30ರಂದು, ನಿಕರಾಗುವಾ ಜರ್ಮನಿಯ ಮೇಲೆ ಹೂಡಿದ ವ್ಯಾಜ್ಯದಲ್ಲಿ, ತುರ್ತು ಆದೇಶವನ್ನು ನಿರಾಕರಿಸುತ್ತಲೇ ಎಲ್ಲ ದೇಶಗಳಿಗೂ ನೆನಪು ಮಾಡಿಕೊಟ್ಟಿತು.

ನಮ್ಮಲ್ಲಿಯೂ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಿವೃತ್ತ ಅಧಿಕಾರಿಗಳೂ ವಿದ್ವಾಂಸರೂ ಸೇರಿ, ಇಸ್ರೇಲಿಗೆ ಆಯುಧ ರಫ್ತಿನ ಪರವಾನಗಿಗಳನ್ನು ರದ್ದುಪಡಿಸಬೇಕೆಂದು ಸಲ್ಲಿಸಿದ ಅರ್ಜಿಯನ್ನು 2024ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ವಿದೇಶಾಂಗ ನೀತಿಯ ವಿಚಾರ ನ್ಯಾಯಾಲಯ ಪ್ರವೇಶಿಸತಕ್ಕ ಕ್ಷೇತ್ರವಲ್ಲ, ಅದು ಸರ್ಕಾರಕ್ಕೆ ಸೇರಿದ್ದು ಎಂಬುದು ಅದರ ತೀರ್ಪಿನ ಸಾರ. ಅರ್ಜಿದಾರರ ಆಸೆಗೆ ಇದು ಪ್ರತಿಕೂಲವಾದರೂ, ಈ ತೀರ್ಪಿನಲ್ಲಿ ನಾನು ದೋಷವನ್ನು ಹುಡುಕಲಾರೆ. ಯಾರಿಗೆ ಏನು ಮಾರಬೇಕೆಂಬುದನ್ನು ನ್ಯಾಯಾಧೀಶರು ಗೊತ್ತುಮಾಡುವ ದೇಶ ಸುಖವಾಗಿ ಬಾಳದು. ಆದರೆ ಸರ್ಕಾರವೆಂಬುದು ನಮ್ಮ ಸಂವಿಧಾನದಲ್ಲಿ ಸ್ವಯಂಭೂ ಅಲ್ಲ. ಅದು ಲೋಕಸಭೆಗೆ ಉತ್ತರವಾದಿ. ನ್ಯಾಯಾಲಯ ಕೈ ತೊಳೆದುಕೊಂಡು, ಮಂತ್ರಾಲಯ ಬಾಯಿ ಮುಚ್ಚಿಕೊಂಡ ಮೇಲೆ ಉಳಿಯುವುದು ಸಂಸತ್ತೊಂದೇ. ಅಲ್ಲಿಯೂ ಕೇಳುವವರಿಲ್ಲವೆಂದಾದರೆ ಮೈಸೂರಿನ ಆ ಪ್ರಜಾಪ್ರತಿನಿಧಿ ಸಭೆಗಿಂತ ನಾವು ಮುಂದುವರಿದಿರುವುದಾದರೂ ಎಲ್ಲಿ?

ಕಾನೂನು ಏನು ಹೇಳುತ್ತದೆಂಬುದನ್ನೂ ನೋಡಬೇಕು. ಆಯುಧಗಳ ರಫ್ತು ನಡೆಯುವುದು 1992ರ ವಿದೇಶ ವ್ಯಾಪಾರ ಶಾಸನದ ಕೆಳಗೆ. ಯುದ್ಧಸಾಮಗ್ರಿಗೆ ಪರವಾನಗಿ ಕೊಡತಕ್ಕದ್ದು ರಕ್ಷಣಾ ಉತ್ಪಾದನಾ ಇಲಾಖೆ, ಎಂದರೆ ಮಾರಾಟವನ್ನು ಹೆಚ್ಚಿಸುವ ಹೊಣೆಯನ್ನು ಹೊತ್ತ ಇಲಾಖೆಯೇ. ಕೊಳ್ಳುವ ಸೇನೆ ಸಾಮಾನ್ಯ ಜನರ ಮೇಲೆ ಪ್ರಯೋಗಿಸುವ ಸಂಭವವಿದ್ದರೆ ಪರವಾನಗಿಯನ್ನು ನಿರಾಕರಿಸಲೇಬೇಕೆಂಬ ವಿಧಿ ಆ ಶಾಸನದಲ್ಲಿಲ್ಲ. ಅಂತಹ ವಿಧಿಯನ್ನು ಒಳಗೊಂಡ ಅಂತರರಾಷ್ಟ್ರೀಯ ಆಯುಧ ವ್ಯಾಪಾರ ಒಪ್ಪಂದಕ್ಕೆ 2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆ ಸಮ್ಮತಿಯಿತ್ತಾಗ ಭಾರತ ಮತ ಚಲಾಯಿಸಲಿಲ್ಲ, ಇಂದಿನವರೆಗೆ ಸಹಿಯನ್ನೂ ಹಾಕಿಲ್ಲ. ಹಾಗೆಂದು ನಮಗೆ ಕಟ್ಟುಪಾಡೇ ಇಲ್ಲವೆನ್ನಲಾಗದು. ಜಿನೀವಾ ಒಪ್ಪಂದಗಳನ್ನು 1950ರಲ್ಲಿಯೂ ಜನಾಂಗಹತ್ಯೆಯ ವಿರುದ್ಧದ ಒಪ್ಪಂದವನ್ನು 1959ರಲ್ಲಿಯೂ ಈ ದೇಶ ಅಂಗೀಕರಿಸಿದೆ. ನಮ್ಮ ಸಂವಿಧಾನದ 51ನೆಯ ವಿಧಿ, ರಾಷ್ಟ್ರರಾಷ್ಟ್ರಗಳ ನಡುವಣ ಶಾಂತಿಯನ್ನೂ ಅಂತರರಾಷ್ಟ್ರೀಯ ನ್ಯಾಯದ ಗೌರವವನ್ನೂ ಪೋಷಿಸಲು ರಾಜ್ಯ ಯತ್ನಿಸತಕ್ಕದ್ದೆಂದು ಹೇಳುತ್ತದೆ. ಆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಬೆನೆಗಲ್ ನರಸಿಂಗ ರಾಯರು ದಕ್ಷಿಣ ಕನ್ನಡದ ಮನೆತನದವರು. ಮುಂದೆ ಅವರು ಕುಳಿತದ್ದು ಇದೇ ಹೇಗ್ ನಗರದ ನ್ಯಾಯಪೀಠದಲ್ಲಿ.

ನಾವು ಮಾರದಿದ್ದರೆ ಇನ್ನೊಬ್ಬ ಮಾರುತ್ತಾನೆ, ನಷ್ಟ ನಮಗೆ ಮಾತ್ರವೆಂಬ ಮಾತು ಪೇಟೆಯಲ್ಲಿ ಹುಟ್ಟಿದವರಿಗೆ ಹೊಸದಲ್ಲ. 1946ರಲ್ಲಿ, ಸ್ವಾತಂತ್ರ್ಯ ಇನ್ನೂ ಕೈಗೆ ಬಾರದಿದ್ದಾಗ, ವರ್ಣಭೇದವನ್ನು ಪಾಲಿಸುತ್ತಿದ್ದ ದಕ್ಷಿಣ ಆಫ್ರಿಕದೊಡನೆ ವ್ಯಾಪಾರವನ್ನು ಕಡಿದುಕೊಂಡ ಮೊದಲ ದೇಶ ಭಾರತ. ಬಡತನದ ಆ ದಿನಗಳಲ್ಲಿ ಭರಿಸಿದ ನಷ್ಟವನ್ನು, ಸಾವಿರಾರು ಕೋಟಿಗಳ ಮಾತನಾಡುವ ಈ ದಿನಗಳಲ್ಲಿ ಭರಿಸಲಾರೆವೆಂದರೆ ಕೇಳುವವರು ನಂಬಬೇಕಲ್ಲ. ಮ್ಯಾನ್ಮಾರಿನ ಸೇನೆಯನ್ನು ದೂರ ತಳ್ಳಿದರೆ ಅದು ಚೀನಾದ ಮಡಿಲಿಗೆ ಬೀಳುವುದೆಂಬ ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ನಮ್ಮ ಈಶಾನ್ಯದ ಬಂಡುಕೋರರು ಆ ಗಡಿಯಲ್ಲಿ ಅಡಗುವುದೂ ನಿಜ. ಹಿಂದಿನ ಜನಾಯ್ಕೆಯ ಸರ್ಕಾರದ ಕಾಲದಲ್ಲಿಯೇ ಆದ ಕರಾರುಗಳನ್ನು ಪೂರೈಸಿದೆವು ಎಂದೂ ಹೇಳಬಹುದು. ಆದರೆ ಆ ಸೇನೆ ಚೀನಾದಿಂದ ನಮ್ಮದರ ಐದುಪಟ್ಟು ಸಾಮಗ್ರಿಯನ್ನು ಪಡೆದಿರುವುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ನಮ್ಮ ಮಾರಾಟ ಅದನ್ನು ತಡೆಯಲಿಲ್ಲ. ಸೇನೆಯ ಬಾಂಬುಗಳಿಗೆ ಬೆದರಿದ ಸಾವಿರಾರು ಚಿನ್ ಜನ ಗಡಿ ದಾಟಿ ಬಂದಾಗ ಅವರಿಗೆ ಅನ್ನ ಬಡಿಸಿದವರು ಮಿಜೋರಾಮಿನ ಊರಿನವರು. ಒಂದು ರಾಜ್ಯ ನಿರಾಶ್ರಿತರನ್ನು ಸಾಕುತ್ತಿರುವಾಗ ಇನ್ನೊಂದು ರಾಜ್ಯದ ಕಾರ್ಖಾನೆಯ ಹೆಸರು, ಅವರನ್ನು ನಿರಾಶ್ರಿತರನ್ನಾಗಿಸಿದವರ ಸರಬರಾಜುದಾರರ ಪಟ್ಟಿಯಲ್ಲಿರುವುದು ಯಾವ ಗಡಿಭದ್ರತೆ?

ನೌಕರರ ಹೊಟ್ಟೆಯ ಪ್ರಶ್ನೆ ಮೂರನೆಯದು. ಬಿಇಎಲ್‌ ಸಂಸ್ಥೆಯ ವಹಿವಾಟಿನ ಬಹುಪಾಲು ನಮ್ಮ ಸೇನೆಗಳ ಬೇಡಿಕೆಯಿಂದಲೇ ಬರುತ್ತದೆ. ಮ್ಯಾನ್ಮಾರಿನ ಒಂದು ಕರಾರು ಹೋದ ಮಾತ್ರಕ್ಕೆ ಜಾಲಹಳ್ಳಿಯ ಯಾವ ಒಲೆಯೂ ಆರದು. ದುಡಿಯುವವರೇ ಈ ವಿಷಯದಲ್ಲಿ ಮುಂದಾಳಾದ ಉದಾಹರಣೆಯೂ ಇದೆ: 2024ರ ಫೆಬ್ರವರಿಯಲ್ಲಿ ನಮ್ಮ ದೊಡ್ಡ ಬಂದರುಗಳ ಜಲಸಾರಿಗೆ ಕಾರ್ಮಿಕರ ಒಕ್ಕೂಟ, ಇಸ್ರೇಲಿಗೆ ಹೋಗುವ ಆಯುಧದ ಸರಕನ್ನು ತಾವು ಹೇರುವುದಿಲ್ಲ, ಇಳಿಸುವುದಿಲ್ಲವೆಂದು ಸಾರಿತು. ಬೆನ್ನ ಮೇಲೆ ಭಾರ ಹೊರುವವರು ಹೇಳಿದ್ದನ್ನು ಮೆತ್ತೆಯ ಪೀಠದಲ್ಲಿ ಕುಳಿತವರು ಹೇಳಲಾಗದೆ?

ಹೊರದೇಶಗಳ ಸಭೆಗಳಲ್ಲಿ ಹೇಳಿದ್ದಾರೆ. ನಮ್ಮ ಶಿರಾದಿಂದ ಹೋದ ಚಂದ್ರ ಆರ್ಯರು 2022ರ ಮೇ ತಿಂಗಳಿನಲ್ಲಿ ಕನ್ನಡದಲ್ಲಿ ಮಾತನಾಡಿದರೆಂದು ನಾವೆಲ್ಲ ಹಿಗ್ಗಿದ ಕೆನಡಾದ ಅದೇ ಕಾಮನ್ಸ್ ಸಭೆ, 2024ರ ಮಾರ್ಚ್ 18ರಂದು, ಇಸ್ರೇಲಿಗೆ ಹೊಸ ಆಯುಧ ಪರವಾನಗಿಗಳನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು 204 ಮತಗಳಿಂದ ಸ್ವೀಕರಿಸಿತು; ವಿರೋಧವಾಗಿ ಬಿದ್ದ ಮತಗಳು 117. ಅಮೆರಿಕದ ಸೆನೆಟ್ಟಿನಲ್ಲಿ ಬರ್ನಿ ಸ್ಯಾಂಡರ್ಸ್ ಅಂಥವೇ ನಿರ್ಣಯಗಳನ್ನು ತಂದು ಸೋತರು. ಆದರೂ 2024ರ ನವೆಂಬರಿನಲ್ಲಿ ಇಪ್ಪತ್ತನ್ನೂ ಮುಟ್ಟದಿದ್ದ ಬೆಂಬಲ 2025ರ ಜುಲೈನಲ್ಲಿ 27ಕ್ಕೆ ಏರಿತು. ಅಲ್ಲಿ ಆ ಮತದಾನ ಸಾಧ್ಯವಾದುದಕ್ಕೆ ಕಾರಣ ಸದಸ್ಯರ ಸಾಹಸ ಮಾತ್ರವಲ್ಲ. ದೊಡ್ಡ ಆಯುಧ ಮಾರಾಟವನ್ನು ಮುಂಚಿತವಾಗಿ ಕಾಂಗ್ರೆಸ್ಸಿಗೆ ತಿಳಿಸಲೇಬೇಕೆಂಬ 1976ರ ಶಾಸನ. ನಮ್ಮಲ್ಲಿ ಆ ಶಾಸನ ಇಲ್ಲದಿರುವುದರಿಂದ ನಮ್ಮ ಸಂಸದರಿಗೆ ಸೋಲುವ ಅವಕಾಶವೂ ಒದಗಿಲ್ಲ.

ಆದುದರಿಂದ ಬೇಕಾದುದು ಇಷ್ಟು. ರಫ್ತಾದ ಯುದ್ಧಸಾಮಗ್ರಿಯ ಪಟ್ಟಿಯನ್ನು, ಕೊಂಡ ದೇಶ, ವಸ್ತು, ಮೌಲ್ಯ, ತಯಾರಿಸಿದ ಸಂಸ್ಥೆ ಇವುಗಳೊಡನೆ, ಪ್ರತಿವರ್ಷ ಉಭಯ ಸದನಗಳ ಮುಂದೆ ಇಡಬೇಕು. ರಹಸ್ಯವಾಗಿಯೇ ಇರಬೇಕಾದ ಅಂಶಗಳನ್ನು ರಕ್ಷಣಾ ಸ್ಥಾಯಿ ಸಮಿತಿಯ ಎದುರಿಗಾದರೂ ಬಿಚ್ಚಬೇಕು. ಸಾಮಾನ್ಯ ಜನರ ಮೇಲೆ ದಾಳಿ ನಡೆಸುತ್ತಿರುವ ಸೇನೆಗೆ ಪರವಾನಗಿ ಕೊಡತಕ್ಕದ್ದಲ್ಲವೆಂಬ ವಿಧಿಯನ್ನು 1992ರ ಶಾಸನಕ್ಕೆ ಸೇರಿಸಬೇಕು, ಆ ತೀರ್ಮಾನವನ್ನು ಮಾರಾಟದ ಇಲಾಖೆಯ ಕೈಯಿಂದ ಬಿಡಿಸಬೇಕು. ಅಲ್ಲಿಯವರೆಗೆ ಮ್ಯಾನ್ಮಾರಿನ ಸೇನೆಗೂ ಇಸ್ರೇಲಿಗೂ ಸರ್ಕಾರಿ ಸಂಸ್ಥೆಗಳಿಂದ ಏನೂ ಹೋಗಬಾರದು. 2025–26ರಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿಗಳನ್ನು ಒದಗಿಸಿದವರು ಇದೇ ಸಂಸದರು. ಅನುದಾನದ ಬೇಡಿಕೆಗಳಿಗೆ ಕಡಿತ ಪ್ರಸ್ತಾವ ತರುವ ಹಕ್ಕು ಅವರಿಗಿದೆ. ಬಹಳ ವರ್ಷ ಆ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಂದೇ ಏಟಿಗೆ ಮಂಜೂರಾಗುತ್ತವೆಂಬುದು ಅವರಿಗೆ ಶೋಭೆಯಲ್ಲ.

ವಿಧಾನಸೌಧದವರೂ ಇದರಿಂದ ಹೊರಗಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಮತ್ತು ರಕ್ಷಣಾ ಉದ್ಯಮಕ್ಕೆಂದು 1,777 ಎಕರೆ ಫಲವತ್ತಾದ ಭೂಮಿಯನ್ನು ವಶಪಡಿಸಿಕೊಳ್ಳಲು ಹೊರಟಾಗ ಹದಿಮೂರು ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದನ್ನು ಕೈಬಿಟ್ಟುದಾಗಿ ಘೋಷಿಸಬೇಕಾಯಿತು. ರಾಗಿ, ದ್ರಾಕ್ಷಿ ಬೆಳೆವ ನೆಲದ ವಿಷಯದಲ್ಲಿ ಜನರ ಮಾತು ನಡೆಯಿತು. ಆ ಉದ್ಯಮಕ್ಕೆ ರಾಜ್ಯ ಕೊಡುವ ರಿಯಾಯಿತಿಗಳಿಗೂ, ಅಲ್ಲಿ ತಯಾರಾದುದು ಎಲ್ಲಿಗೆ ಹೋಗುವುದೆಂಬುದನ್ನು ತಿಳಿಸುವ ಷರತ್ತನ್ನು ಶಾಸಕರು ಅಂಟಿಸಬಹುದು.

ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಹದಿನೈದು ದಿನಗಳ ಮುನ್ಸೂಚನೆ ಸಾಕು. ಬೆಂಗಳೂರಿನ ಸಂಸದರು, ಅವರು ಯಾವ ಪಕ್ಷದವರೇ ಆಗಲಿ, ಮುಂದಿನ ಅಧಿವೇಶನಕ್ಕೆ ಚುಕ್ಕೆ ಗುರುತಿನ ಒಂದು ಪ್ರಶ್ನೆಯನ್ನು ಬರೆದುಕೊಡಲಿ: 2021ರ ಫೆಬ್ರವರಿ 1ರ ನಂತರ ಬಿಇಎಲ್ ಮ್ಯಾನ್ಮಾರಿನ ಸೇನೆಗಾಗಲಿ ಅದರ ಮಧ್ಯವರ್ತಿಗಳಿಗಾಗಲಿ ಕಳುಹಿಸಿದ ವಸ್ತುಗಳಾವುವು, ಅವುಗಳಿಗೆ ಪರವಾನಗಿ ಕೊಟ್ಟ ತಾರೀಕುಗಳಾವುವು, ಅವು ಯಾರ ಮೇಲೆ ಪ್ರಯೋಗವಾದುವೆಂದು ವಿಚಾರಿಸಿದವರು ಯಾರು. ಉತ್ತರ ಬಂದರೆ ಅದನ್ನು ಈ ಪತ್ರಿಕೆಯಲ್ಲಿ ಓದೋಣ; ಬಾರದಿದ್ದರೆ, ಮತ ಕೇಳಲು ಅವರು ಪೇಟೆಗೆ ಬಂದಾಗ ಅದೇ ಪ್ರಶ್ನೆಯನ್ನು ನಾವೇ ಕೇಳೋಣ.